ಕುಂಟ ಬಟ್ಟಲು

ತಿಜಿಕ್ಜಾ
14 ನವೆಂಬರ್ 2005

ಡಾಕ್ಟರಮ್ಮ ನೆಬ್ಗೂಹಾ ಅವರಿಗೆ ತೆಕ್ಬೆರ್ ಮಾಡುವ ಸಲಾಂ.

ನಾವು ಕ್ಷೇಮವಾಗಿ ಊರು ಮುಟ್ಟಿದೆವು. ಕ್ಷೇಮ ಅನ್ನುವುದು ಬರೀ ಬಾಯಿಮಾತು. ಅಮ್ಮ ಟ್ಯಾಕ್ಸಿಯ ಮುಂದಿನ ಸೀಟು ಪೂರ್ತಿ ತಾನೇ ತುಂಬಿಕೊಂಡು, ಡ್ರೈವರ್ ಹಮ್ಮಾದಿಗೆ ಗೇರು ಹಾಕಲೂ ಜಾಗ ಬಿಡದೆ, ನುವಾಕ್ಷೋಟ್‌ನಿಂದ ಇಲ್ಲಿಯವರೆಗೂ ನಿಮ್ಮನ್ನು ಬೈದುಕೊಂಡೇ ಬಂದಳು. "ಆ ಕಡ್ಡಿ ನನಗೆ ಊಟ ಹೇಳ್ಕೊಡ್ತಾಳಾ? ಮೊದಲು ಅವಳಿಗೆ ಯಾರಾದ್ರೂ ಊಟ ಹಾಕ್ರೋ!" ಹಮ್ಮಾದಿ ನಕ್ಕು ನಕ್ಕು ಎರಡು ಸಲ ರಸ್ತೆ ಬಿಟ್ಟು ಮರಳಿಗೆ ಇಳಿದ. ನೀವು ಬೇಜಾರು ಮಾಡಿಕೊಳ್ಳಬೇಡಿ. ಅಮ್ಮ ಬೈಯುತ್ತಿದ್ದಾಳೆ ಅಂದರೆ ಇನ್ನೂ ಗಟ್ಟಿ ಇದ್ದಾಳೆ ಅಂತ ಅರ್ಥ.

ನೀವು ಮುಖದ ತುಂಬ ಸೆರಗು ಎಳೆದುಕೊಂಡೇ ಮಾತಾಡಿದಿರಿ ಅನ್ನುವುದೂ ಅವಳಿಗೆ ಒಂದು ದೂರು. "ಯಾರ ಮಗಳಮ್ಮಾ ನೀನು ಅಂತ ಪ್ರೀತಿಯಿಂದ ಕೇಳಿದ್ರೆ, ತಕ್ಕಡಿ ಹತ್ತಿ ಅಂದ್ಲು!"

ನಿಮಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ. ಪಾದದ ಹುಣ್ಣು ಮೂರು ತಿಂಗಳಲ್ಲಿ ಮಾಯದಿದ್ದರೆ ಮೊಣಕಾಲಿನ ಕೆಳಗೆ ತೆಗೆಯಬೇಕಾಗುತ್ತದೆ ಅಂತ ದೊಡ್ಡ ಡಾಕ್ಟರು ಹೇಳಿದ್ದಾರೆ. ಸಕ್ಕರೆ ಇಳಿಯಬೇಕು, ಅದು ಆ ನೆಬ್ಗೂಹಾ ಕೈಯಲ್ಲಿದೆ ಅಂದರು. ನನಗೆ ಎರಡು ಸಲ ಮದುವೆಯಾಗಿ ಎರಡು ಸಲವೂ ಬಿಟ್ಟುಹೋಯಿತು. ಮಕ್ಕಳಿಲ್ಲ. ಗಂಡಂದಿರು ಬದಲಾದರು, ಅಮ್ಮ ಬದಲಾಗಲಿಲ್ಲ. ನನಗೆ ಇರುವುದು ಅವಳು, ಅವಳಿಗೆ ಇರುವುದು ಆ ಎರಡು ಕಾಲು. ಎಷ್ಟು ಹಾಲು ಕೊಡಲಿ, ಟೀಗೆ ಎಷ್ಟು ಸಕ್ಕರೆ, ಖರ್ಜೂರ ಪೂರ್ತಿ ನಿಲ್ಲಿಸಬೇಕೋ ಹೇಗೆ, ಎಲ್ಲ ಬಿಡಿಸಿ ಬರೆಯಿರಿ. ನಮ್ಮ ಮನೆಯಿಂದ ಫೋನು ಸಿಗುವುದಿಲ್ಲ. ಹಮ್ಮಾದಿ ವಾರಕ್ಕೊಮ್ಮೆ ನುವಾಕ್ಷೋಟ್‌ಗೆ ಬರುತ್ತಾನೆ, ಅವನ ಕೈಗೆ ಕೊಡಿ.

ನಿಮ್ಮ
ತೆಕ್ಬೆರ್

*

ನುವಾಕ್ಷೋಟ್
21 ನವೆಂಬರ್ 2005

ತೆಕ್ಬೆರ್ ಅವರಿಗೆ,

ಸಲಾಂ. ನಾನು ಡಾಕ್ಟರಲ್ಲ, ಡಯಟೀಷಿಯನ್. ಟ್ಯೂನಿಸ್‌ನಲ್ಲಿ ಓದಿ, ಪರೀಕ್ಷೆ ಪಾಸಾಗಿ, ಸರ್ಕಾರದಲ್ಲಿ ಹೆಸರು ನೋಂದಾಯಿಸಿಕೊಂಡವಳು. ಮದ್ದು ಡಾಕ್ಟರದ್ದು, ಪಥ್ಯ ನನ್ನದು. ಕಡ್ಡಿ ಅಂದದ್ದಕ್ಕೆ ಬೇಜಾರಿಲ್ಲ. ಅದಕ್ಕಿಂತ ಹೆಚ್ಚಿನದನ್ನು ಕೇಳಿಸಿಕೊಂಡಿದ್ದೇನೆ.

ಪಥ್ಯ ಎಲ್ಲರಿಗೂ ಒಂದೇ ಅಲ್ಲ. ಪಕ್ಕದ ಮನೆಯವರ ಪಥ್ಯವನ್ನು ನಿಮ್ಮ ತಾಯಿಗೆ ಹಾಕಿದರೆ ಪಕ್ಕದ ಮನೆಯವರ ಬಟ್ಟೆ ತೊಡಿಸಿದಂತೆ. ನಿಮ್ಮ ತಾಯಿ ಸೆಲ್ಕಾ ಅವರ ವಯಸ್ಸು, ತೂಕ, ಹುಣ್ಣು, ರಕ್ತಪರೀಕ್ಷೆ, ಬಾಯಿರುಚಿ ಎಲ್ಲ ನೋಡಿ ಇದನ್ನು ಬರೆದಿದ್ದೇನೆ. ಬೆಳಗ್ಗೆ ಸಕ್ಕರೆ ಹಾಕದ ಒಂದು ಲೋಟ ಹಾಲು, ಒಂದು ಬೇಯಿಸಿದ ಮೊಟ್ಟೆ, ಅಂಗೈಯಗಲ ಬಾರ್ಲಿ ರೊಟ್ಟಿ. ಮಧ್ಯಾಹ್ನ ಮುಷ್ಟಿಯಷ್ಟು ಮಾಂಸ, ಅಲಸಂದೆ, ತರಕಾರಿ, ಎರಡು ಸೌಟು ಕುಸ್ಕುಸ್. ರಾತ್ರಿ ಸಜ್ಜೆ ಮುದ್ದೆ ಸಣ್ಣದು, ಜೊತೆಗೆ ಮೊಸರು. ಖರ್ಜೂರ ಎರಡು ಕೊಡಿ, ಎರಡೇ. ಟೀ ಮೂರು ಲೋಟ ಕುಡಿಯಲಿ, ಅದನ್ನು ತಪ್ಪಿಸಿದರೆ ನಮ್ಮಲ್ಲಿ ಯಾವ ಪಥ್ಯವೂ ನಿಲ್ಲುವುದಿಲ್ಲ, ಆದರೆ ಸಕ್ಕರೆ ಮೊದಲ ಲೋಟಕ್ಕೆ ಮಾತ್ರ, ಅದೂ ಚಿಟಿಕೆ.

ಹಾಲು, ಮೊಟ್ಟೆ, ಮಾಂಸ ಬಿಡಿಸಬೇಡಿ. ಹುಣ್ಣು ತುಂಬಿಕೊಳ್ಳುವುದು ಅವುಗಳಿಂದಲೇ. ಸಕ್ಕರೆ ಇಳಿದರೂ ಮೈಗೆ ಇವು ಸಿಗದಿದ್ದರೆ ಗಾಯ ಹಾಗೇ ಬಾಯಿ ತೆರೆದುಕೊಂಡು ಕೂರುತ್ತದೆ.

ಒಂದು ಪ್ರಶ್ನೆ ಕ್ಲಿನಿಕ್‌ನಲ್ಲಿ ಕೇಳಲಾಗಲಿಲ್ಲ. ನಿಮ್ಮ ತಾಯಿ ಪ್ರಾಯದಲ್ಲಿ ಏನು ಕೆಲಸ ಮಾಡುತ್ತಿದ್ದರು? ಎಲ್ಲ ರೋಗಿಗಳನ್ನೂ ಇದನ್ನು ಕೇಳುತ್ತೇನೆ. ಜೀವಮಾನವಿಡೀ ಮಾಡಿದ ಕೆಲಸ ಮೈಯಲ್ಲಿ ಉಳಿದಿರುತ್ತದೆ. ಮುಚ್ಚಿಡದೆ ಬರೆಯಿರಿ.

ನೆಬ್ಗೂಹಾ
ನೋಂದಾಯಿತ ಡಯಟೀಷಿಯನ್

*

ತಿಜಿಕ್ಜಾ
3 ಡಿಸೆಂಬರ್ 2005

ನೆಬ್ಗೂಹಾ ಅವರಿಗೆ,

ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು ಅಂತ ಬರೆಯಲು ಹೋಗಿ ನಾಲಿಗೆ ಕಚ್ಚಿಕೊಂಡೆ. ನೀವು ಕೊಟ್ಟ ಯಂತ್ರದಲ್ಲಿ ಬೆರಳು ಚುಚ್ಚಿ ನೋಡುತ್ತಿದ್ದೇನೆ. ಸಕ್ಕರೆ ಅರ್ಧಕ್ಕರ್ಧ ಇಳಿದಿದೆ. ಹುಣ್ಣಿನ ಅಂಚು ಬೂದಿ ಬಣ್ಣಕ್ಕೆ ಇದ್ದದ್ದು ಈಗ ಕೆಂಪಗಾಗಿದೆ. ಇಲ್ಲಿನ ಆಸ್ಪತ್ರೆಯ ನರ್ಸ್ ನೋಡಿ, "ಯಾರಮ್ಮಾ ಈ ಪಥ್ಯ ಬರೆದುಕೊಟ್ಟೋರು? ಕೈಗೆ ಮುತ್ತಿಡಬೇಕು" ಅಂದಳು. ಅಮ್ಮ ಮಂಚದಿಂದಲೇ, "ಮುತ್ತಿಡೋದಾದ್ರೆ ಹುಷಾರಾಗಿ ಇಡು, ಆ ಕೈಗೆ ಮಾಂಸ ಇಲ್ಲ, ಬರೀ ಮೂಳೆ ಸಿಗುತ್ತೆ" ಅಂದಳು.

ಮೊಟ್ಟೆಯ ಮೇಲೆ ಅವಳಿಗೆ ವಿಪರೀತ ಸಿಟ್ಟು. "ಕೋಳಿ ಮೊಟ್ಟೆ ಇಡೋದು ಮರಿ ಮಾಡೋಕೆ, ನನ್ನ ಕಾಲು ಮಾಡೋಕಾ?" ಆದರೂ ತಿನ್ನುತ್ತಾಳೆ. ಮೊನ್ನೆ ಗೋಡೆ ಹಿಡಿದುಕೊಂಡು ಬಾಗಿಲವರೆಗೂ ನಡೆದಳು. ಹೊಸ್ತಿಲ ಹತ್ತಿರ ನಿಂತು ಬೀದಿಯವರನ್ನೆಲ್ಲ ಕರೆದು ಕರೆದು ಮಾತಾಡಿಸಿದಳು. ನಾನು ಒಳಗೆ ಹೋಗಿ ಅತ್ತೆ.

ನೀವು ಕೇಳಿದ್ದಕ್ಕೆ ಉತ್ತರ. ಅಮ್ಮ ಬೇರೆಯವರ ಹೆಣ್ಣುಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ತಗಾಂತ್ ಸೀಮೆಯ ದೊಡ್ಡ ದೊಡ್ಡ ಮನೆಯವರು ಮಳೆಗಾಲಕ್ಕೆ ತಮ್ಮ ಹುಡುಗಿಯರನ್ನು ಇವಳ ಹತ್ತಿರ ಬಿಟ್ಟುಹೋಗುತ್ತಿದ್ದರು. ನನ್ನನ್ನು ಹೇಗೆ ಸಾಕಿದಳೋ ಅವರನ್ನೂ ಹಾಗೇ ಸಾಕಿದಳು. ಒಂದು ಮಗುವಿಗೂ ಒಂದು ದಿನವೂ ಏನೂ ಆಗಲಿಲ್ಲ. ಇವತ್ತಿಗೂ ಆ ಹುಡುಗಿಯರು ಅಜ್ಜಿಯರಾಗಿ ಬಂದು ಅವಳ ಕೈ ಹಿಡಿದುಕೊಳ್ಳುತ್ತಾರೆ. ಕೂತು ಮಾಡುವ ಕೆಲಸವೇ ಜಾಸ್ತಿ, ಓಡಾಟ ಕಡಿಮೆ. ಇದು ಪಥ್ಯಕ್ಕೆ ಉಪಯೋಗಕ್ಕೆ ಬರುತ್ತದೋ ಇಲ್ಲವೋ.

ನಿಮ್ಮ
ತೆಕ್ಬೆರ್

*

ನುವಾಕ್ಷೋಟ್
11 ಡಿಸೆಂಬರ್ 2005

ತೆಕ್ಬೆರ್ ಅವರಿಗೆ,

ಉಪಯೋಗಕ್ಕೆ ಬಂತು.

ಪಥ್ಯ ಬದಲಾಗಿದೆ. ನಿಮ್ಮ ತಾಯಿಯ ಮೂತ್ರಪಿಂಡದ ಬಗ್ಗೆ ನನಗೆ ಅನುಮಾನವಿದೆ. ಇಂದಿನಿಂದ ಮೊಟ್ಟೆ ಬೇಡ. ಮಾಂಸ ಬೇಡ. ಹಾಲು, ಮೊಸರು, ಅಲಸಂದೆ ಯಾವುದೂ ಬೇಡ. ಬೆಳಗ್ಗೆ ಮತ್ತು ರಾತ್ರಿ ತೆಳ್ಳಗಿನ ಬಾರ್ಲಿ ಗಂಜಿ, ಮಧ್ಯಾಹ್ನ ಬೇಯಿಸಿದ ಕುಂಬಳ ಮತ್ತು ಕ್ಯಾರೆಟ್. ಟೀ ನೀರಿನಂತಿರಲಿ, ಸಕ್ಕರೆ ಸಂಪೂರ್ಣ ನಿಲ್ಲಿಸಿ. ಮಾತ್ರೆ ಹಾಗೇ ಮುಂದುವರಿಯಲಿ.

ಅವರು ಅಳುತ್ತಾರೆ. ಅಳಲಿ, ಕಣ್ಣೀರಿನಲ್ಲಿ ಸಕ್ಕರೆ ಇಲ್ಲ. ಬೇಡಿಕೊಳ್ಳುತ್ತಾರೆ. ನೀವು ಬೇರೆ ಕಡೆ ನೋಡಿ. ಗಂಜಿ ಕೊಡುವಾಗ ಪಕ್ಕದಲ್ಲೇ ಕೂರಿ, ಬಟ್ಟಲು ಖಾಲಿಯಾಗುವವರೆಗೆ ಏಳಬೇಡಿ. ಖಾಲಿಯಾದ ಮೇಲೆ ಇನ್ನೊಂದು ತುತ್ತು ಕೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಇದು ಬೇರೆ ಯಾರ ಕೈಯಲ್ಲೂ ಆಗುವ ಕೆಲಸವಲ್ಲ. ಮಗಳ ಕೈಯಲ್ಲೇ ಆಗಬೇಕು.

ಯಾರ ಮಾತೂ ಕೇಳಬೇಡಿ. ನರ್ಸ್ ಮಾತನ್ನೂ.

ನೆಬ್ಗೂಹಾ
ನೋಂದಾಯಿತ ಡಯಟೀಷಿಯನ್

*

ನುವಾಕ್ಷೋಟ್
30 ಡಿಸೆಂಬರ್ 2005

ತೆಕ್ಬೆರ್ ಅವರಿಗೆ,

ಹಮ್ಮಾದಿ ಎರಡು ಸಲ ಬಂದ, ಎರಡು ಸಲವೂ ಬರಿಗೈ. ಕೇಳಿದರೆ, "ಮುದುಕಿ ಈಗ ಬೈಯೋದೇ ಇಲ್ಲ ಮೇಡಂ, ನನಗೇ ಬೇಜಾರು" ಅಂದ. ಸಕ್ಕರೆ ಎಷ್ಟಿದೆ? ನೀವು ಕದ್ದು ಹಾಲು ಕೊಡುತ್ತಿದ್ದೀರಾ? ಹಾಗಿದ್ದರೆ ಈಗಲೇ ಹೇಳಿಬಿಡಿ.

ಬಕ್ರೀದ್ ಬರುತ್ತಿದೆ. ಕುರಿ ಕಡಿಯುತ್ತೀರಿ. ಹಬ್ಬದ ದಿನ ಒಂದು ಚೂರು ಅಂತ ಯಾರಾದರೂ ಕರುಣೆ ತೋರಿಸಲು ಬರುತ್ತಾರೆ. ಒಂದು ಚೂರೂ ಇಲ್ಲ.

ನೆಬ್ಗೂಹಾ
ನೋಂದಾಯಿತ ಡಯಟೀಷಿಯನ್

*

ತಿಜಿಕ್ಜಾ
14 ಜನವರಿ 2006

ನೆಬ್ಗೂಹಾ ಅವರಿಗೆ,

ಬರೆಯದೆ ಇದ್ದದ್ದಕ್ಕೆ ಕ್ಷಮಿಸಿ. ಬರೆಯುವಂಥದ್ದು ಏನೂ ಇರಲಿಲ್ಲ. ನೀವು ಹೇಳಿದಂತೆ ಮಾಡುತ್ತಿದ್ದೆ, ಅಷ್ಟೇ. ಕದ್ದು ಹಾಲು ಕೊಟ್ಟಿಲ್ಲ. ಒಂದು ಸಲ ಬಟ್ಟಲು ಕೈಗೆತ್ತಿಕೊಂಡೆ, ನಿಮ್ಮ ಕಾಗದ ನೆನಪಾಯಿತು, ಮೇಕೆಮರಿಗೆ ಕುಡಿಸಿಬಿಟ್ಟೆ. ಅಮ್ಮ ನೋಡುತ್ತಿದ್ದಳು. "ನಾನೂ ನಾಲ್ಕು ಕಾಲಲ್ಲಿ ಹುಟ್ಟಬೇಕಿತ್ತು" ಅಂದಳು. ಅವಳ ತಮಾಷೆ ಅದೇ ಕೊನೆ.

ಹಬ್ಬದ ಬೆಳಗ್ಗೆ ಅಂಗಳದಲ್ಲಿ ಕಲೇಜ ಸುಟ್ಟರು. ಅವಳ ಮಂಚ ಗಾಳಿ ಬರುವ ಕಡೆಗೇ ಇತ್ತು. ನನ್ನ ಚಿಕ್ಕಪ್ಪನ ಸೊಸೆ ಒಂದು ತುಂಡು ಹಿಡಿದುಕೊಂಡು ಬಂದಳು. ನಾನು ಬಾಗಿಲಿಗೆ ಅಡ್ಡ ನಿಂತೆ. "ಹಬ್ಬದ ದಿನ ಹೆತ್ತಮ್ಮನಿಗೆ ಒಂದು ಚೂರು ಕೊಡಲ್ವೇನೇ? ನಿನ್ನ ಮನಸ್ಸು ಯಾವ ಕಲ್ಲಿಂದ ಮಾಡಿದ್ದು?" ಅಂತ ಎಲ್ಲರ ಮುಂದೆ ಕೂಗಾಡಿದಳು. ನಾನು ಕದ ಹಾಕಿಕೊಂಡೆ. ಒಳಗೆ ಅಮ್ಮ, "ತೆಕ್ಬೆರ್, ನಾಲಿಗೆ ಮೇಲೆ ಇಟ್ಟು ತೆಗೆದುಬಿಡೇ, ನುಂಗಲ್ಲ, ಆಣೆ ಮಾಡ್ತೀನಿ" ಅಂದಳು. ನಾನು ಬೇರೆ ಕಡೆ ನೋಡಿದೆ. ನೀವು ಹಾಗೆ ಮಾಡಲು ಹೇಳಿದ್ದಿರಿ.

ಸಕ್ಕರೆ ಈಗ ತುಂಬಾ ಕಡಿಮೆ. ಕೆಲವು ದಿನ ಬೆಳಗಿನ ಜಾವ ಅವಳ ಮೈ ಬೆವರಿನಲ್ಲಿ ನೆಂದಿರುತ್ತದೆ, ಮಾತು ತೊದಲುತ್ತದೆ. ತೋಳಿನ ಚರ್ಮ ಚೀಲದ ಹಾಗೆ ನೇತಾಡುತ್ತಿದೆ. ಆದರೆ ಹುಣ್ಣು ಮಾಯುತ್ತಿಲ್ಲ. ಕೆಂಪಗಾಗಿದ್ದ ಅಂಚು ಮತ್ತೆ ಬೂದಿ ಬಣ್ಣಕ್ಕೆ ತಿರುಗಿದೆ. ಹಬ್ಬದ ಮಾರನೆಯ ದಿನ ನರ್ಸ್ ಬಂದು ನೋಡಿ, "ಇವರಿಗೆ ಹಾಲು ಮಾಂಸ ನಿಲ್ಲಿಸಿದ್ಯಾರು? ಹೊಟ್ಟೆಗಿಲ್ಲದೆ ಗಾಯ ಯಾವುದರಿಂದ ತುಂಬುತ್ತೆ?" ಅಂತ ನನ್ನ ಮೇಲೇ ಹರಿಹಾಯ್ದಳು. ನಾನು ನಿಮ್ಮ ಕಾಗದ ತೋರಿಸಿದೆ. ಮೂತ್ರಪಿಂಡ ಅಂತ ಬರೆದಿರುವುದನ್ನು ಓದಿ ಕಾಗದ ವಾಪಸ್ ಕೊಟ್ಟಳು. "ದೊಡ್ಡವರು ಬರೆದಿದ್ದಾರೆ, ಇರಬಹುದು" ಅಂದಳು.

ನೀವೇ ಮೊದಲ ಕಾಗದದಲ್ಲಿ ಹಾಲು ಮಾಂಸ ಬಿಡಿಸಬೇಡಿ ಅಂತ ಬರೆದಿದ್ದಿರಿ. ನನಗೆ ಓದು ಕಡಿಮೆ, ಯಾವುದು ಸರಿಯೋ ತಿಳಿಯುತ್ತಿಲ್ಲ. ಒಂದು ತಿಂಗಳು ಮಾತ್ರ ಉಳಿದಿದೆ. ದಯವಿಟ್ಟು ಇನ್ನೊಂದು ಸಲ ನೋಡಿ ಹೇಳಿ. ನಿಮ್ಮನ್ನು ಬಿಟ್ಟರೆ ನನಗೆ ಕೇಳಲು ಯಾರೂ ಇಲ್ಲ.

ನಿಮ್ಮ
ತೆಕ್ಬೆರ್

*

ನುವಾಕ್ಷೋಟ್
19 ಜನವರಿ 2006

ತೆಕ್ಬೆರ್ ಅವರಿಗೆ,

ಹಬ್ಬದ ದಿನ ನೀವು ಮಾಡಿದ್ದು ಸರಿ. ಹೆದರಬೇಡಿ. ಇಷ್ಟು ದೂರ ಬಂದು ಈಗ ಕೈ ಬಿಡುವುದು ಮೂರ್ಖತನ.

ನರ್ಸ್‌ಗೆ ಸೂಜಿ ಚುಚ್ಚುವುದು ಗೊತ್ತು, ಪಥ್ಯ ಗೊತ್ತಿಲ್ಲ. ಬೆವರು ಬಂದರೆ ಒಂದು ಚಮಚ ಸಕ್ಕರೆ ನೀರು ನಾಲಿಗೆಗೆ ಮುಟ್ಟಿಸಿ, ಅದಕ್ಕಿಂತ ಹೆಚ್ಚಿಲ್ಲ. ಗಂಜಿಯ ಅಳತೆಯನ್ನೂ ಇಳಿಸೋಣ. ನೀವು ಈಗ ಎಷ್ಟು ಕೊಡುತ್ತಿದ್ದೀರೋ ಗೊತ್ತಿಲ್ಲ, ಮಗಳ ಕೈ ಜಾರುವುದು ಸಹಜ. ಕುಂಟ ಬಟ್ಟಲಿನ ಕಾಲು ಭಾಗ ಸಾಕು. ಅದಕ್ಕಿಂತ ಹೆಚ್ಚು ಹೋದರೆ ಹೊಟ್ಟೆಗೆ ಭಾರ.

ಉಳಿದದ್ದು ಹಾಗೇ ಇರಲಿ.

ನೆಬ್ಗೂಹಾ
ನೋಂದಾಯಿತ ಡಯಟೀಷಿಯನ್

*

ತಿಜಿಕ್ಜಾ
24 ಜನವರಿ 2006

ಕುಂಟ ಬಟ್ಟಲು ಅಂತ ಬರೆದಿದ್ದೀರಿ.

ನಮ್ಮ ಮನೆಯಲ್ಲಿ ಅಂಥದ್ದೊಂದಿತ್ತು. ಮರದ ಬಟ್ಟಲು. ತಳವನ್ನು ಅಮ್ಮನೇ ಒಂದು ಬದಿಗೆ ಕೆತ್ತಿದ್ದಳು, ನೆಲದ ಮೇಲೆ ಇಟ್ಟರೆ ಮಗುಚಿಕೊಳ್ಳುತ್ತಿತ್ತು. ಹಾಲು ಕುಡಿದು ಮುಗಿಸುವವರೆಗೂ ಯಾವ ಹುಡುಗಿಯೂ ಅದನ್ನು ಕೆಳಗಿಡುವ ಹಾಗಿರಲಿಲ್ಲ. ನೆಂಟರು ಬಂದಾಗ ಅದನ್ನು ಹಾಸಿಗೆಗಳ ಕೆಳಗೆ ಅಡಗಿಸುತ್ತಿದ್ದೆವು. ಗುಡಾರ ಬಿಟ್ಟು ಊರಿಗೆ ಬಂದ ವರ್ಷ ನಾನೇ ಅದನ್ನು ಒಲೆಗೆ ಹಾಕಿದೆ. ಕುಂಟ ಬಟ್ಟಲು ಅನ್ನುವುದು ಹುಡುಗಿಯರು ತಮ್ಮತಮ್ಮಲ್ಲೇ ಇಟ್ಟುಕೊಂಡ ಹೆಸರು. ಅಮ್ಮನಿಗೂ ಅದು ಗೊತ್ತಿರಲಿಲ್ಲ. ನನ್ನ ಹಾಗೆ ಆ ಗುಡಾರದಲ್ಲಿ ಕೂತು ಕುಡಿದವರನ್ನು ಬಿಟ್ಟರೆ ಆ ಹೆಸರು ಯಾರಿಗೂ ಗೊತ್ತಿಲ್ಲ.

ನೀವು ಯಾರು?

ತೆಕ್ಬೆರ್

*

ನುವಾಕ್ಷೋಟ್
1 ಫೆಬ್ರವರಿ 2006

ಅಕ್ಕ,

ಹಾಗೇ ಕರೆಯಬೇಕು ಅಂತ ನಿಮ್ಮಮ್ಮ ನಮಗೆ ಮೊದಲ ದಿನವೇ ಕಲಿಸಿದ್ದಳು.

ಅಪ್ಪ ನಮ್ಮಿಬ್ಬರನ್ನೂ ಒಂದೇ ಒಂಟೆಯ ಮೇಲೆ ಕೂರಿಸಿಕೊಂಡು ಬಂದು ನಿಮ್ಮ ಗುಡಾರದ ಮುಂದೆ ಇಳಿಸಿದ. ನನಗೆ ಒಂಬತ್ತು ವರ್ಷ, ನನ್ನ ತಂಗಿ ಮ್ನೀನಾಗೆ ಆರು. "ಗಾಳಿ ಬಂದ್ರೆ ಹಾರಿಹೋಗೋ ಹಾಗಿದಾವೆ, ಸ್ವಲ್ಪ ಮೈ ತುಂಬಿಸಿ ಕಳಿಸು, ನಾಳೆ ಮದುವೆ ಮಾಡ್ಬೇಕಲ್ಲ, ಸಣಕಲಿನ ಯಾರು ಕಟ್ಕೊಳ್ತಾರೆ" ಅಂದ. ನಿಮ್ಮಮ್ಮ ನಮ್ಮ ಕೆನ್ನೆ ಹಿಂಡಿ ನೋಡಿ, "ಈ ಕಡ್ಡಿಗಳನ್ನ ಕಂಬ ಮಾಡಿ ಕಳಿಸ್ತೀನಿ" ಅಂದಳು. ಅಪ್ಪ ನಗುತ್ತಾ ಹೋದ. ಕ್ಲಿನಿಕ್‌ನಲ್ಲಿ ಅವಳು ನನ್ನನ್ನು ಕಡ್ಡಿ ಅಂದಾಗ ನನ್ನ ಕೈಯಿಂದ ಪೆನ್ನು ಬಿತ್ತು. ನೀನೇ ಎತ್ತಿಕೊಟ್ಟೆ.

ನಿಮ್ಮಮ್ಮ ಹಾಲಿನ ಬಟ್ಟಲು ಬಾಯಿಗೆ ಹಿಡಿಯುತ್ತಿದ್ದಳು, ನೀನು ಕಾಲು ಹಿಡಿಯುತ್ತಿದ್ದೆ. ಎರಡು ಕಟ್ಟಿಗೆಗಳ ನಡುವೆ ನಮ್ಮ ಕಾಲ್ಬೆರಳು ಸಿಕ್ಕಿಸಿ, ನಾವು ನುಂಗುವುದು ನಿಲ್ಲಿಸಿದ ಕೂಡಲೇ ಒತ್ತುತ್ತಿದ್ದೆ. ಕಾರಿಕೊಂಡರೆ ಕಾರಿದ್ದನ್ನೇ ಮತ್ತೆ ಕುಡಿಸುತ್ತಿದ್ದಿರಿ. ಒತ್ತುವಾಗ ನೀನು ಬೇರೆ ಕಡೆ ನೋಡುತ್ತಿದ್ದೆ. ಪಾಪ, ಅಕ್ಕನಿಗೆ ನಮ್ಮ ಮೇಲೆ ಕರುಣೆ ಅಂತ ಮ್ನೀನಾ ನನಗೆ ಹೇಳುತ್ತಿದ್ದಳು.

ಒಂದು ಸಂಜೆ ಮ್ನೀನಾಳ ಹೊಟ್ಟೆ ಡೊಳ್ಳಿನ ಹಾಗೆ ಬಿಗಿದುಕೊಂಡಿತು. ನನ್ನನ್ನು ಪಕ್ಕದ ಗುಡಾರಕ್ಕೆ ಕಳಿಸಿದಿರಿ. ಬೆಳಗ್ಗೆ ಬಂದು ನೋಡಿದರೆ ಅವಳು ಮಲಗುತ್ತಿದ್ದ ಜಾಗದಲ್ಲಿ ಹೊಸ ಚಾಪೆ ಹಾಸಿತ್ತು. ಜ್ವರ ಬಂದು ಹೋದಳು ಅಂತ ಅಪ್ಪನಿಗೆ ಹೇಳಿ ಕಳಿಸಿದಿರಿ. ಅಪ್ಪ ಅದನ್ನೇ ನಂಬಿದ, ನಂಬಿಕೊಂಡೇ ಸತ್ತ. ನಾನು ಎಷ್ಟು ಹೇಳಿದರೂ, ಚಿಕ್ಕವಳು ನಿನಗೇನು ಗೊತ್ತು ಅಂದ. ಅವಳ ಗೋರಿ ಎಲ್ಲಿದೆ ಅನ್ನುವುದೂ ನನಗೆ ಗೊತ್ತಿಲ್ಲ.

ಒಂದು ಮಾತು ನಂಬು. ಮೊದಲ ಪಥ್ಯ ಸರಿಯಾಗಿಯೇ ಇತ್ತು. ಸೆಲ್ಕಾ ಅಂತ ಚೀಟಿಯಲ್ಲಿ ಹೆಸರು ನೋಡಿದ ಮೇಲೂ, ನನ್ನ ರೋಗಿ ಅಂತಲೇ ಬರೆದೆ. ಏನು ಕೆಲಸ ಮಾಡುತ್ತಿದ್ದರು ಅಂತ ಕೇಳಿದ್ದು ಪಥ್ಯಕ್ಕಲ್ಲ. ಹುಡುಗಿಯರಿಗೆ ಕುಡಿಸುತ್ತಿದ್ದೆವು, ಒಂದು ಹುಡುಗಿ ಸತ್ತಳು ಅಂತ ನೀನು ಒಂದೇ ಒಂದು ಸಾಲು ಬರೆದಿದ್ದರೆ ಅವಳ ಕಾಲು ಇಷ್ಟುಹೊತ್ತಿಗೆ ಮಾಯ್ದಿರುತ್ತಿತ್ತು. ನೀನು ಬರೆದದ್ದು ಏನು? ಒಂದು ಮಗುವಿಗೂ ಒಂದು ದಿನವೂ ಏನೂ ಆಗಲಿಲ್ಲ. ಅದನ್ನು ಓದಿದ ದಿನ ನಾನು ಮಾಂಸ ಹೊಡೆದುಹಾಕಿದೆ, ಹಾಲು ಹೊಡೆದುಹಾಕಿದೆ. ಅವಳ ಮೂತ್ರಪಿಂಡಕ್ಕೆ ಏನೂ ಆಗಿಲ್ಲ. ಪರೀಕ್ಷೆಯ ಚೀಟಿ ನನ್ನ ಮುಂದೆಯೇ ಇತ್ತು.

ನಿನ್ನ ಕೈಯಿಂದಲೇ ಅವಳನ್ನು ಉಪವಾಸ ಕೆಡವಿಸಬೇಕು ಅನ್ನಿಸಿತು. ಕಾಲು ಹಿಡಿದ ಕೈ ಅಲ್ಲವೇ ಅದು. ನೀನು ಚೆನ್ನಾಗಿಯೇ ಮಾಡಿದೆ. ಹಬ್ಬದ ದಿನದ ಕಾಗದವನ್ನು ನಾನು ಎಷ್ಟು ಸಲ ಓದಿದೆನೋ. ಓದಿದಾಗಲೆಲ್ಲ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ.

ನನಗೆ ಬೇಕಾದ್ದು ಒಂದೇ. ಮ್ನೀನಾ ಜ್ವರದಿಂದ ಸಾಯಲಿಲ್ಲ ಅಂತ ಅವಳ ಬಾಯಿಂದ ಬರಲಿ. ಆ ಮಾತು ನನಗೆ ತಲುಪಿದ ದಿನ, ಕೆಲಸ ಬಿಟ್ಟು ನಾನೇ ಅಲ್ಲಿಗೆ ಬಂದು ನಿಂತು, ಕಾಲು ಉಳಿಸಲು ಏನೇನು ಮಾಡಬಹುದೋ ಎಲ್ಲ ಮಾಡುತ್ತೇನೆ. ಈ ಕೆಲಸ ನನಗೆ ಚೆನ್ನಾಗಿ ಬರುತ್ತದೆ.

ನೆಬ್ಗೂಹಾ

*

ತಿಜಿಕ್ಜಾ
8 ಮಾರ್ಚ್ 2006

ನೆಬ್ಗೂಹಾ,

ಕಾಲು ಹೋಯಿತು. ನಿನ್ನ ಕಾಗದ ಬರುವ ಮೊದಲೇ ಹಾಲು, ಮೊಟ್ಟೆ, ಮಾಂಸ ಎಲ್ಲ ಶುರು ಮಾಡಿದ್ದೆ. ತಡವಾಗಿತ್ತು. ಬೆರಳುಗಳು ಕಪ್ಪಾದವು, ಕಪ್ಪು ಮೇಲಕ್ಕೆ ಹತ್ತಿತು. ಕೀಫಾದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಕುಯ್ಯುವ ಮುನ್ನ ಅಲ್ಲಿಯವರು, "ಇಷ್ಟು ಬಡವಾದ ಮೈ, ಇವರು ತಡಕೊಳ್ತಾರಾ?" ಅಂತ ನನ್ನನ್ನೇ ಕೇಳಿದರು. ತಡೆದುಕೊಂಡಳು. ಹತ್ತು ದಿನದಿಂದ ಮನೆಯಲ್ಲಿದ್ದಾಳೆ. ಇಲ್ಲದ ಕಾಲಿನ ಬೆರಳು ತುರಿಸುತ್ತದೆ ಅನ್ನುತ್ತಾಳೆ, ನಾನು ಗಾಳಿಯಲ್ಲಿ ಕೆರೆಯುತ್ತೇನೆ.

ನಿನ್ನ ಕಾಗದವನ್ನು ಅವಳಿಗೆ ಪೂರ್ತಿ ಓದಿ ಹೇಳಿದೆ, ಕೀಫಾಗೆ ಹೋಗುವ ಮುಂಚೆಯೇ. ಕಾಲು ಉಳಿಯಲಿ ಅಂತ ಓದಿದೆ. ನೀನು ಕೇಳಿದ ಒಂದು ಮಾತು ಹೇಳಮ್ಮಾ ಅಂತ ಕೈಮುಗಿದು ಕೇಳಿದೆ.

"ಯಾವ ಮ್ನೀನಾ? ನನ್ನ ಹತ್ರ ಮ್ನೀನಾ ಅಂತ ನಾಲ್ಕು ಜನ ಇದ್ರು. ಒಬ್ಬಳಿಗೆ ಈಗ ಮೊಮ್ಮಕ್ಕಳು."

"ಸತ್ತುಹೋದ್ಲಲ್ಲಮ್ಮಾ, ಆರು ವರ್ಷದವಳು, ಆ ಮ್ನೀನಾ."

"ಸತ್ತಿದ್ರೆ ಅವಳು ನನ್ನವಳಲ್ಲ ಬಿಡು. ನನ್ನ ಕೈಯಲ್ಲಿ ಯಾರೂ ಸತ್ತಿಲ್ಲ. ಜ್ವರ ಬಂದಿರಬೇಕು."

"ಅಮ್ಮಾ, ನಿನ್ನ ಕಾಲು ಹೋಗುತ್ತೆ."

"ಹೋಗ್ಲಿ. ಕಾಲಿಗೋಸ್ಕರ ಹೆಸರು ಕಳ್ಕೊಳ್ಳಲಾ?"

ಅವಳಿಗೆ ನಿಜವಾಗಿ ಮರೆತಿದೆಯೋ, ಮರೆತ ಹಾಗೆ ನಟಿಸಿದಳೋ, ಅವಳ ಹೊಟ್ಟೆಯಲ್ಲೇ ಹುಟ್ಟಿದ ನನಗೂ ಗೊತ್ತಾಗಲಿಲ್ಲ. ಆಮೇಲೆ ನಿನ್ನ ವಿಷಯ ಕೇಳಿದಳು. ಆ ಕ್ಲಿನಿಕ್‌ನ ಕಡ್ಡಿಯೇ ನಮ್ಮ ಗುಡಾರದಲ್ಲಿ ಕುಡಿದ ನೆಬ್ಗೂಹಾ ಅಂತ ಗೊತ್ತಾದಾಗ ಮೊದಲು ನಂಬಲಿಲ್ಲ, ಆಮೇಲೆ ನಕ್ಕಳು. ಎರಡು ತಿಂಗಳಲ್ಲಿ ಮೊದಲ ಸಲ ನಕ್ಕದ್ದು. "ನಾನೇ ಕುಡಿಸಿದ್ನಾ ಅವಳಿಗೆ? ಒಂದು ಚೂರೂ ಮೈಗೆ ಹತ್ತಿಲ್ಲವಲ್ಲೇ!" ಆಮೇಲೆ ಹೇಳಿದ್ದನ್ನು ಅವಳ ಬಾಯಲ್ಲಿ ಬಂದ ಹಾಗೇ ಬರೆಯುತ್ತಿದ್ದೇನೆ. ನಿನಗೆ ಬರೆಯಲೇಬೇಕು ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ.

"ಅವಳ ಕೈ ನೋಡೇ ತೆಕ್ಬೆರ್. ಕಟ್ಟಿಗೆ ಇಲ್ಲ, ಬಟ್ಟಲು ಇಲ್ಲ, ಅಷ್ಟು ದೂರ ಕೂತ್ಕೊಂಡು ಬರೀ ಕಾಗದದಲ್ಲಿ ನನ್ನ ಬಾಯಿ ಕಟ್ಟಿದ್ಲು. ನಿನ್ನ ಕೈಯಲ್ಲಿ ಯಾವತ್ತಾದ್ರೂ ಆಗಿತ್ತಾ ಇದು? ನೀನು ಒತ್ತುವಾಗ ಮುಖ ತಿರುಗಿಸ್ಕೊಳ್ತಿದ್ದೆ, ಹೆದರುಪುಕ್ಕಿ. ಅವಳು ನೋಡ್ಕೊಂಡೇ ಒತ್ತಿದ್ದಾಳೆ. ಕೊಬ್ಬಿಸೋದೂ ಇಳಿಸೋದೂ ಒಂದೇ ಕಸುಬು ಕಣೇ. ನನ್ನ ಹತ್ರ ಕೂತೆದ್ದವರಲ್ಲಿ ಅದು ಕೈಗೆ ಹತ್ತಿದ್ದು ಅವಳೊಬ್ಬಳಿಗೇ. ಅವಳಿಗೆ ಕಾಗದ ಬರೆ, ಸೆಲ್ಕಾ ಮೆಚ್ಚಿದ್ಲು ಅಂತ."

ಬರೆದಿದ್ದೇನೆ. ನಾನು ಹುಟ್ಟಿದಾಗಿನಿಂದ ಅವಳು ನನ್ನನ್ನು ಒಂದು ಸಲವೂ ಹೀಗೆ ಹೊಗಳಿಲ್ಲ. ಆ ಮಾತು ಕೇಳುತ್ತಾ ನನಗೆ ಹೊಟ್ಟೆಕಿಚ್ಚು ಆಯಿತು, ಅದನ್ನೂ ಬರೆಯುತ್ತೇನೆ.

ಇನ್ನು ನನ್ನ ಮಾತು. ನಿನಗೆ ಅವಳ ಬಾಯಿಂದ ಬೇಕಾಗಿತ್ತು, ಅವಳ ಬಾಯಲ್ಲಿ ಅದಿಲ್ಲ. ನನ್ನ ಬಾಯಿಂದ ತೆಗೆದುಕೋ. ಮ್ನೀನಾ ಜ್ವರದಿಂದ ಸಾಯಲಿಲ್ಲ. ನಾವು ಕುಡಿಸಿ ಕೊಂದೆವು. ನಿನ್ನನ್ನು ಪಕ್ಕದ ಗುಡಾರಕ್ಕೆ ಕಳಿಸಿದ ಮೇಲೆ ಅಮ್ಮ ಹಾಲು ಕರೆಯಲು ಹೋದಳು. ಅಲ್ಲಿ ಇದ್ದವಳು ನಾನೊಬ್ಬಳೇ. ಮ್ನೀನಾಳ ತಲೆ ನನ್ನ ತೊಡೆಯ ಮೇಲಿತ್ತು. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ ಅನ್ನಿಸುತ್ತದೆ, ನನ್ನನ್ನು ನೀನು ಅಂದುಕೊಂಡಳು. ನಿನ್ನ ಹೆಸರು ಹಿಡಿದು ಮಾತಾಡಿದಳು, ಉಸಿರು ನಿಲ್ಲುವವರೆಗೂ ಮಾತಾಡುತ್ತಲೇ ಇದ್ದಳು. ನಾನು ನಿನ್ನ ದನಿ ಮಾಡಿ ಹೂಂ ಹೂಂ ಅಂದೆ. ನಿನ್ನ ಹತ್ತಿರ ಏನೋ ಕೇಳಿದಳು, ಅದಕ್ಕೂ ಹೂಂ ಅಂದೆ. ನಿನ್ನ ಪರವಾಗಿ ನಾನು ಒಪ್ಪಿಕೊಂಡಿದ್ದೇನೆ.

ಅವಳಾಡಿದ ಒಂದು ಮಾತೂ ಮರೆತಿಲ್ಲ. ಮದುವೆಯಾದ ಇಬ್ಬರಿಗೂ ಹೇಳಲಿಲ್ಲ. ಅವಳ ಅಕ್ಕ ಎಲ್ಲೋ ಬದುಕಿದ್ದಾಳೆ, ಸಿಕ್ಕಿದರೆ ಅವಳಿಗೇ ಹೇಳಬೇಕು ಅಂತ ಇಟ್ಟುಕೊಂಡಿದ್ದೆ. ನೆಬ್ಗೂಹಾ ಅನ್ನುವ ಹೆಸರು ನಮ್ಮ ಸೀಮೆಯಲ್ಲಿ ಮನೆಗೊಂದು, ನನಗೆ ಹೊಳೆಯಲಿಲ್ಲ. ಮೊದಲ ದಿನವೇ ಯಾರ ಮಗಳು ಅಂತ ನೀನು ಹೇಳಿದ್ದರೆ, ಅಲ್ಲೇ ಕ್ಲಿನಿಕ್‌ನಲ್ಲಿ ನಿನ್ನ ಕಾಲು ಹಿಡಿದುಕೊಂಡು ಎಲ್ಲ ಹೇಳಿಬಿಡುತ್ತಿದ್ದೆ.

ಈಗ ಹೇಳುವುದಿಲ್ಲ.

ತೆಕ್ಬೆರ್